ಅರಿವೆ ಮುಚ್ಚದ ಬುಟ್ಟಿ

ನಮ್ಮ ಎದುರುಮನೆಯ ದೊಡ್ಡವ್ವನ ಎಡಗಿವಿಯ ಹಾಲೆ ಎರಡು ಹೋಳಾಗಿತ್ತು. ಓಲೆ ತೊಡುವ ತೂತಿನಿಂದ ಕೆಳಗಿನ ಅಂಚಿನವರೆಗೆ ಸೀಳಿ, ಎರಡೂ ಹೋಳುಗಳು ತಮ್ಮ ಪಾಡಿಗೆ ತಾವು ಜೋತಾಡುತ್ತಿದ್ದವು. ಆಕೆ ಜೋರಾಗಿ ಮಾತಾಡುವಾಗ ಅವೂ ಅಲ್ಲಾಡುತ್ತಿದ್ದವು. ಮೆಲ್ಲಗೆ ಮಾತಾಡಿದ್ದನ್ನು ನಾನಂತೂ ಕೇಳಿಲ್ಲ. ಬಲಗಿವಿಗೆ ಬಂಗಾರದ ಬೆಂಡೋಲೆ, ಎಡಗಿವಿಗೆ ಏನೂ ಇಲ್ಲ. ಇಳಕಲ್ಲಿನಲ್ಲಿ ಆಕೆಯ ವಯಸ್ಸಿನ ಹೆಂಗಸರು ತಲೆಯ ಮೇಲೆ ಸೆರಗು ಹೊದ್ದೇ ಹೊಸ್ತಿಲು ದಾಟುವುದು. ದೊಡ್ಡವ್ವನೂ ಹೊದೆಯುತ್ತಿದ್ದಳು, ಆದರೆ ಎಡಗಡೆಯ ಸೆರಗನ್ನು ಮಾತ್ರ ಕಿವಿಯ ಹಿಂದಕ್ಕೆ ಸಿಕ್ಕಿಸಿಕೊಂಡು.

"ದವಾಖಾನ್ಯಾಗ ಎರಡು ಹೊಲಿಗಿ ಹಾಕಿದ್ರ ಕೂಡ್ತೈತಿಬೇ" ಎಂದು ಯಾರಾದರೂ ಹೇಳಿದರೆ ಮುಗಿಯಿತು.

"ಯಾಕ ಕೂಡಸ್ಲಿ? ಹರದಾಂವ ನಾಚಲಿಲ್ಲ. ಹರಿಸ್ಕೊಂಡಾಕಿ ನಾ ಯಾಕ ಮುಚಗೊಳ್ಳಿ? ಕಾಣಲಿ!"

ಹರಿದವನು ಆಕೆಯ ಗಂಡ. ಕುಡಿದು ಬಂದು ಓಲೆ ಕೇಳಿದ್ದ, ಕೊಡದಿದ್ದಾಗ ಕಿತ್ತುಕೊಂಡಿದ್ದ. ಅದು ನಾನು ಹುಟ್ಟುವ ಮೊದಲಿನ ಮಾತು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಆತ ತೀರಿಹೋಗಿದ್ದ. ದೊಡ್ಡವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ನೇಕಾರರಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತ ಒಬ್ಬನೇ ಮಗನನ್ನು ಬೆಳೆಸುತ್ತಿದ್ದಳು. ನಮಗೂ ಆಕೆಗೂ ರಕ್ತಸಂಬಂಧವಿಲ್ಲ. ಅವ್ವ 'ಯಕ್ಕಾ' ಅನ್ನುತ್ತಿದ್ದಳು, ಹಾಗಾಗಿ ನಮಗೆ ದೊಡ್ಡವ್ವ.

ನಮ್ಮ ಓಣಿಯಲ್ಲಿ ಬೆಳಗಾಗುವುದು ರೊಟ್ಟಿ ಬಡಿಯುವ ಸಪ್ಪಳದಿಂದ. ಅದು ಮುಗಿದ ಮೇಲೆ ಮಗ್ಗದ ಸಪ್ಪಳ. ದೊಡ್ಡವ್ವನ ಕಿವಿ ಹರಿದಿತ್ತೇ ಹೊರತು ಮಂದವಾಗಿರಲಿಲ್ಲ. ಯಾರ ಮನೆಯ ರೊಟ್ಟಿ ಸಪ್ಪಳ ಯಾವುದು ಎಂದು ಕಂಡಿಕೆ ಸುತ್ತುತ್ತಲೇ ಹೇಳುತ್ತಿದ್ದಳು. ಒಬ್ಬಳದು ಸಾಲಿಗೆ ಹೊತ್ತಾದ ಮಕ್ಕಳ ತಾಯಿಯ ಅವಸರದ ಬಡಿತ, ಇನ್ನೊಬ್ಬಳದು ಅತ್ತೆಯ ಮೇಲಿನ ಸಿಟ್ಟಿನ ಬಡಿತ. "ನಿಮ್ಮವ್ವ ರೊಟ್ಟಿ ಬಡಿಯೂದಿಲ್ಲ, ತಟ್ಟಿ ತಟ್ಟಿ ಮಲಗಸ್ತಾಳ" ಎಂದು ನನ್ನನ್ನು ನಗಿಸುತ್ತಿದ್ದಳು. ಅವ್ವ ಅಷ್ಟು ಮೆತ್ತಗಿನ ಹೆಂಗಸು.

ಅಪ್ಪ ಒಳ್ಳೆಯ ನೇಕಾರ. ಅವನು ನೇಯ್ದ ಸೀರೆಯ ಸೆರಗನ್ನು ಅಂಗಡಿಯವರು ಗಿರಾಕಿಗಳಿಗೆ ಮೊದಲು ಬಿಚ್ಚಿ ತೋರಿಸುತ್ತಿದ್ದರಂತೆ. ಅಪ್ಪ ಕುಡುಕನೂ ಹೌದು. ಎರಡನೆಯದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಮಾವಾಸ್ಯೆ ನೇಕಾರರಿಗೆ ರಜೆಯ ದಿನ. ಅವತ್ತು ಶುರುವಾದದ್ದು ಎಷ್ಟೋ ಸಲ ವಾರದವರೆಗೆ ಎಳೆಯುತ್ತಿತ್ತು. ಮಗ್ಗ ಯಾಕೆ ನಿಂತಿದೆ ಎಂದು ಯಾರಾದರೂ ಕೇಳಿದರೆ ಅವ್ವನ ಉತ್ತರ ಒಂದೇ: "ಅವರಿಗೆ ಮೈಯಾಗ ಆರಾಮಿಲ್ರಿ." ಕೇಳಿದವರು "ಹೌದೇನು, ಕಷಾಯ ಕುಡಸ್ರಿ" ಎಂದು ಹೋಗುತ್ತಿದ್ದರು. ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಅಪ್ಪನ ದನಿ ಏರುವ ಮೊದಲೇ ಓಡಿಹೋಗಿ ಬಾಗಿಲಿಗೆ ಚಿಲಕ ಹಾಕುವುದು ನನ್ನ ಕೆಲಸ. ಹೈಸ್ಕೂಲು ಸೇರುವಷ್ಟರಲ್ಲಿ ನಾನು ಅದರಲ್ಲಿ ಪಳಗಿಬಿಟ್ಟಿದ್ದೆ.

ಒಂದು ಅಮಾವಾಸ್ಯೆಯ ಮರುದಿನ. ಹಿಂದಿನ ದಿನ ಅಪ್ಪ ದೂಡಿದ್ದಕ್ಕೆ ಅವ್ವನ ಬಲಗೈ ಮಣಿಕಟ್ಟು ಊದಿಕೊಂಡಿತ್ತು. ರೊಟ್ಟಿ ಬಡಿಯಲಾಗದೆ ಒಲೆಯ ಮುಂದೆ ಸುಮ್ಮನೆ ಕೂತಿದ್ದಳು. ಅಪ್ಪ ಪಡಸಾಲೆಯಲ್ಲಿ ಮುಸುಕೆಳೆದು ಮಲಗಿದ್ದ. ಆಗ ಬಾಗಿಲು ಬಡಿದಂತಾಯಿತು, ಹೋಗಿ ತೆಗೆದೆ. ಬಡಿದದ್ದಲ್ಲ, ಒದ್ದದ್ದು, ಯಾಕೆಂದರೆ ದೊಡ್ಡವ್ವನ ಎರಡೂ ಕೈಯಲ್ಲಿ ಬುಟ್ಟಿ ಇತ್ತು. ಬುಟ್ಟಿಯಲ್ಲಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಒಂದು ತಂಬಿಗೆ ಮಜ್ಜಿಗೆ.

ನಮ್ಮ ಓಣಿಯಲ್ಲಿ ಸತ್ತವರ ಮನೆಯ ಒಲೆ ಹತ್ತುವುದಿಲ್ಲ. ನೆರೆಯವರೇ ಬುತ್ತಿ ಒಯ್ಯಬೇಕು. ಒಯ್ಯುವಾಗ ಬುಟ್ಟಿಯ ಮೇಲೆ ಬಿಳಿ ಅರಿವೆ ಮುಚ್ಚುವುದು ರೂಢಿ. ಹಬ್ಬವಿಲ್ಲ, ಬಸುರಿಗೆ ಮಾಡುವ ಕುಬಸವಿಲ್ಲ, ಬೆಳಗೆದ್ದು ಎದುರುಮನೆಯಾಕೆ ಬುಟ್ಟಿ ತುಂಬ ರೊಟ್ಟಿ ತಂದಳೆಂದರೆ ಅದಕ್ಕೆ ಅರ್ಥ ಒಂದೇ. ದೊಡ್ಡವ್ವ ಅರಿವೆ ಮುಚ್ಚದೆ, ಓಣಿಯೆಲ್ಲ ಕಾಣುವಂತೆ ತಂದಿದ್ದಳು.

"ಇದೇನಬೇ ಯಕ್ಕಾ?" ಅವ್ವ ಗಾಬರಿಯಿಂದ ಎದ್ದಳು.

"ಬುತ್ತಿ. ನಿನ್ನ ರೊಟ್ಟಿ ಸಪ್ಪಳ ಕೇಳಲಿಲ್ಲ, ಅದಕ್ಕ ತಂದೆ."

"ಅಯ್ಯ, ನಮ್ಮ ಮನ್ಯಾಗ ಯಾರೂ ಸತ್ತಿಲ್ಲಬೇ! ಅವರಿಗೆ ಮೈಯಾಗ ಆರಾಮ..."

"ಸುಳ್ಳು ಹೇಳಬ್ಯಾಡ. ಸತ್ತ ಮನ್ಯಾಗ ಒಂದಿನ ಸಾಯ್ತಾರ, ವಾರಗಟ್ಲೆ ಮಂದಿ ಬರ್ತಾರ. ಕುಡಿಯೋರ ಮನ್ಯಾಗ ದಿನಾ ಸಾಯ್ತಾರ, ಒಂದು ನರಪಿಳ್ಳಿ ಬರಂಗಿಲ್ಲ. ಇದ್ಯಾವ ಊರ ನ್ಯಾಯ?" ಎಂದವಳು ನನ್ನ ಕಡೆ ತಿರುಗಿದಳು. ನಾನು ಆಗಲೇ ಚಿಲಕಕ್ಕೆ ಕೈ ಹಾಕಿದ್ದೆ. "ಏ ಮಗಳ, ಆ ಬಾಗಲಾ ಮುಚ್ಚಬ್ಯಾಡ. ಹಂಗ ಇರಲಿ."

ಅಷ್ಟರಲ್ಲಿ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಪಕ್ಕದ ಮನೆಯ ಮಗ್ಗ ನಿಂತಿತು. ಅದರಾಚೆಯದೂ ನಿಂತಿತು. ಓಣಿಯಲ್ಲಿ ಸಾವಾದರೆ ಮಗ್ಗ ನಿಲ್ಲಿಸುವುದು ನಮ್ಮಲ್ಲಿ ಮರ್ಯಾದೆ. ಬುತ್ತಿ ಬಂದದ್ದನ್ನು ಕಂಡವರು ಅಪ್ಪ ತೀರಿಹೋದನೆಂದೇ ತಿಳಿದರು. ಗಂಡಸರು ಒಬ್ಬೊಬ್ಬರಾಗಿ ಬಂದು ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತರು. ಒಬ್ಬ ಪುಣ್ಯಾತ್ಮ ಹೂವಿನ ಹಾರವನ್ನೇ ತಂದ. ಇನ್ನೊಬ್ಬ ಇನ್ನೂ ಚುರುಕು, ಬಾದಾಮಿಯಲ್ಲಿದ್ದ ನಮ್ಮ ಸೋದರತ್ತೆಗೆ ಫೋನು ಮಾಡಿಬಿಟ್ಟ.

ಎಂಥ ಗದ್ದಲಕ್ಕೂ ಏಳದ ಅಪ್ಪ, ಮಗ್ಗಗಳೆಲ್ಲ ನಿಂತದ್ದಕ್ಕೆ ಎಚ್ಚರಾದ. ಬಾಗಿಲ ತುಂಬ ಮಂದಿ. ಕಣ್ಣುಜ್ಜಿಕೊಂಡ.

"ಯಾರು ಸತ್ತಾರ?" ಎಂದ.

"ನೀನ" ಎಂದಳು ದೊಡ್ಡವ್ವ. "ಎದ್ದಿ? ಛಲೋ ಆತು. ಮಾರಿ ತೊಳಕೊಂಡು ಉಣ್ಣು ಬಾ."

ಹಾರ ತಂದವನು ಅದನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. ಬಂದವರಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ದೊಡ್ಡವ್ವ ಅವರನ್ನೂ ಬಿಡಲಿಲ್ಲ. "ಸತ್ತಾನಂತ ಓಡಿ ಬಂದ್ರಿ. ಕುಡದು ಹೆಂಡ್ತಿ ಕೈ ಮುರಿಯೂ ಮುಂದ ಒಬ್ಬರರೇ ಬಂದಿದ್ರೇನು? ಇಲ್ಲೇ ಗ್ವಾಡಿ ಆಚಿಗೇ ಇದ್ರಿ."

ಅತ್ತೆಗೆ ತಿದ್ದಿ ಹೇಳೋಣವೆಂದರೆ ಆಕೆ ದಾರಿಯುದ್ದಕ್ಕೂ ಅಳುತ್ತಿದ್ದವಳು ಫೋನೇ ಎತ್ತಲಿಲ್ಲ. ಮಧ್ಯಾಹ್ನ ಬಸ್ಸಿಳಿದು, ಓಣಿಯ ಬಾಯಿಂದಲೇ ಹಾಡಿಕೊಂಡು ಅಳುತ್ತ ಬಂದಳು. ನಮ್ಮ ಕಡೆ ಹೆಂಗಸರು ಸತ್ತವರ ಗುಣಗಳನ್ನು ಹಾಡಿ ಹಾಡಿಯೇ ಅಳುವುದು. "ನನ್ನ ಹಾಲಿನಂಥಾ ಅಣ್ಣಾ... ಹೆಂಡ್ತಿಗಿ ಒಂದು ಬಿರಸ ಮಾತು ಆಡಲಿಲ್ಲೋ... ಮಕ್ಕಳನ್ನ ಹೂವಿನಂಗ ಸಾಕಿದೆಲ್ಲೋ..." ಅಪ್ಪ ದೊಡ್ಡವ್ವ ತಂದ ರೊಟ್ಟಿ ಮುರಿಯುತ್ತ ಕೂತಿದ್ದ. ಎದುರಿಗೆ ಅವ್ವ, ಊದಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು. ಯಾರೋ ಅತ್ತೆಯನ್ನು ತಡೆಯಲು ಎದ್ದರು. ದೊಡ್ಡವ್ವ ಅವರನ್ನು ಕೂರಿಸಿ ಅಪ್ಪನಿಗೆ ಹೇಳಿದಳು: "ಪೂರಾ ಕೇಳು. ಖರೇ ಸತ್ತಾಗ ಕೇಳಾಕ ನೀ ಇರಂಗಿಲ್ಲ."

ಅಪ್ಪ ಅವ್ವನ ಕೈ ನೋಡಿದ. ತನ್ನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ.

ಅಪ್ಪ ಅಂದೇ ಕುಡಿಯುವುದು ಬಿಟ್ಟ ಎಂದು ಬರೆದರೆ ಚೆಂದ ಕಾಣುತ್ತದೆ, ಆದರೆ ಎಲ್ಲಿದ್ದರೂ ದೊಡ್ಡವ್ವ ಬೈದಾಳು. ಕೆಲವು ದಿನ ಬಿಟ್ಟ. ಕಲಾದಗಿಯಲ್ಲಿ ಯಾರದೋ ಮದುವೆಗೆ ಹೋಗಿ ಮತ್ತೆ ಕುಡಿದು ಬಂದ. ಅವ್ವ ಗೋಡೆಗೊರಗಿ ಅತ್ತಳು. ಮರುದಿನ ಬೆಳಿಗ್ಗೆ ಮತ್ತೆ ಬುಟ್ಟಿ, ಮತ್ತೆ ಅರಿವೆ ಇಲ್ಲ. "ಮತ್ತ ಒಲಿ ಆರಿತು, ಮತ್ತ ಬಂದೆ. ಇದರಾಗ ಅಳೂದೇನೈತಿ?" ಎಂದಳು. ಆಮೇಲೆ ಆಕೆಯೇ ಅಪ್ಪನನ್ನು ಬಸ್ಸಿನಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಬಾಗಲಕೋಟೆಯ ದೊಡ್ಡ ದವಾಖಾನೆಗೆ ಹೋದಳು. ಅಪ್ಪ ಎರಡು ಸಲ ಅಲ್ಲಿ ಉಳಿದು ಬಂದ. ಎರಡನೆಯ ಸಲ ಬಂದವನು ಕಾಲು ಇಳಿಬಿಡುವ ಮಗ್ಗದ ಕುಣಿಗೆ ಇಳಿದು ಕೂತ, ಕೈ ನಡುಗುವುದು ನಿಲ್ಲುವವರೆಗೆ ಬರೀ ಕೂತೇ ಇದ್ದ. ಆಮೇಲೆ ನೇಯ್ದ.

ಇಷ್ಟರಲ್ಲಿ ದೊಡ್ಡವ್ವನ ಬುಟ್ಟಿ ಬೇರೆ ಮನೆಗಳಿಗೂ ಹೊರಟಿತ್ತು. ಅಮಾವಾಸ್ಯೆಯ ಮಧ್ಯಾಹ್ನ ಕುಡುಕರ ಮನೆಯ ಹೆಂಗಸರು ಆಕೆಯ ಕಟ್ಟೆಯ ಮೇಲೆ ಸೇರತೊಡಗಿದರು. ಮುಚ್ಚಿದ ಕೋಣೆಯಲ್ಲಲ್ಲ, ಎಲ್ಲರೂ ಓಡಾಡುವ ಬೀದಿಯ ಮಗ್ಗುಲಲ್ಲೇ. ಅಲ್ಲಿ 'ಮೈಯಾಗ ಆರಾಮಿಲ್ಲ' ಅನ್ನುವಂತಿರಲಿಲ್ಲ, ಕುಡಿದಾರ ಅಂತಲೇ ಅನ್ನಬೇಕು. 'ಬಿಟ್ಟನೇನು?' ಎಂದೂ ಕೇಳುವಂತಿರಲಿಲ್ಲ. ಉಂಡಿಯಾ, ಮಕ್ಕಳು ಸಾಲಿಗೆ ಹೋದವಾ, ರಾತ್ರಿ ನಮ್ಮನಿಗೆ ಬಂದು ಮಲಗ್ತೀಯಾ, ಇಂಥದನ್ನು ಕೇಳಬೇಕು.

ಗಂಡಂದಿರಿಗೆ ದೇವರ ಮುಂದೆ ಆಣೆ ಹಾಕಿಸುವುದನ್ನು ಮಾತ್ರ ಆಕೆ ಒಪ್ಪುತ್ತಿರಲಿಲ್ಲ. "ಆಣಿ ಹಾಕಸಬ್ಯಾಡ್ರಿ. ಮುರಿದ್ರ ಕುಡಿಯೂ ಚಟಕ್ಕೊಂದು, ಆಣಿ ಮುರಿದ ದುಃಖಕ್ಕೊಂದು, ಎರಡು ಬಾಟ್ಲಿ ಕುಡೀತಾನ!" ಇದು ಆಕೆಗೆ ಅನುಭವದ ಮಾತು. ಹಲ್ಲಿಗೆ ತಂಬಾಕಿನ ಮಶೇರಿ ತಿಕ್ಕುವ ಚಟ ಆಕೆಗಿತ್ತು. ತುಳಸಿಗೇರಿ ಹಣಮಪ್ಪನ ಮುಂದೆ ಬಿಡುತ್ತೇನೆಂದು ಆಣೆ ಮಾಡಿ, ಊರು ಮುಟ್ಟುವ ಮೊದಲೇ ಮುರಿದಿದ್ದಳು. "ಹಣಮಪ್ಪ ಶಾಣ್ಯಾ ಅದಾನ. ಮುದುಕಿ ಹೆಸರು ಬರಕೊಂಡು ಕೂತಿರಂಗಿಲ್ಲ" ಎಂದು ಕಪ್ಪಿಟ್ಟ ಹಲ್ಲು ತೋರಿಸಿ ನಗುತ್ತಿದ್ದಳು.

ಓಣಿಯ ಹಿರಿಯರೊಬ್ಬರಿಗೆ ಇದೆಲ್ಲ ಸರಿಬರಲಿಲ್ಲ. ಒಂದು ಅಮಾವಾಸ್ಯೆ ಕಟ್ಟೆಯ ಮುಂದೆ ಬಂದು ನಿಂತರು.

"ಏನವಾ ಇದು? ಮನಿ ಮಾತು ಬೀದಿಗೆ ತರ್ತೀರಿ. ನಾಳೆ ಈ ಓಣಿ ಹೆಣ್ಣಮಕ್ಕಳನ್ನ ಯಾರು ಮಾಡ್ಕೊಳ್ತಾರ? ಮ್ಯಾಲ ಕುಡುಕರಿಗೆ ಬುತ್ತಿ ಬ್ಯಾರೆ. ಅವರಿಗೆ ಇನ್ನಷ್ಟು ಕುಮ್ಮಕ್ಕು ಕೊಟ್ಟಂಗ."

ದೊಡ್ಡವ್ವ ಕಂಡಿಕೆ ಕೆಳಗಿಟ್ಟಳು. ಎಡಗಿವಿಯನ್ನು ಅವರ ಕಡೆ ತಿರುಗಿಸಿದಳು. "ಮನಿ ಮಾತು ಮನ್ಯಾಗ ಇಟ್ಟಿದ್ದಕ್ಕ ಇದು ಹರೀತು ನೋಡ್ರಿ. ಒಳಗ ಚಿಲಕ ಹಾಕ್ಕೊಂಡಾಕಿ ನಾನ. ಬಾಗಲಾ ತೆರದಿದ್ರ ನೀವರೇ ಓಡಿ ಬರ್ತಿದ್ರೇನೋ. ಮತ್ತ ಬುತ್ತಿ ಕುಡದಾಂವಗಲ್ರಿ, ಮನಿಗೆ. ಅಂವ ಬಿಡಲಿ, ಬಿಡದ ಇರಲಿ. ಅಲ್ಲಿತನಕ ಹೆಂಡ್ರು ಮಕ್ಕಳು ಹಸಕೊಂಡಿರಬೇಕೇನು?"

"ಊರ ಮಂದಿ ನಗ್ತಾರ."

"ನಗಲಿ. ನಗೋರ ಮನಿಗೂ ಒಂದಿನ ಹೊತ್ಕೊಂಡು ಹೋಗ್ತೇನಿ. ನನ್ನ ಬುಟ್ಟಿ ದೊಡ್ಡದೈತಿ."

ಹಿರಿಯರು ಹೋದರು. ಹೆಂಗಸರು ನಕ್ಕರು. ಅವ್ವ ಬಾಯಿಗೆ ಸೆರಗು ಅಡ್ಡ ಹಿಡಿಯದೆ ನಕ್ಕದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ದೊಡ್ಡವ್ವನನ್ನು ದೇವರು ಮಾಡಿ ಕೂರಿಸಲು ನನಗೆ ಮನಸ್ಸಿಲ್ಲ. ಆಕೆಯೂ ಒಂದು ಸಲ ಬಾಗಿಲು ಮುಚ್ಚಿದಳು.

ನಾನು ಆಗಲೇ ಹುನಗುಂದದಲ್ಲಿ ಸಾಲಿಯ ಟೀಚರಾಗಿದ್ದೆ. ಅಮಾವಾಸ್ಯೆಗೆಂದು ಊರಿಗೆ ಬಂದರೆ ಕಟ್ಟೆ ಖಾಲಿ. ಹೆಂಗಸರು ಬಂದು ಕೂಗಿದ್ದಕ್ಕೆ ಒಳಗಿನಿಂದ ದೊಡ್ಡವ್ವನ ದನಿ ಮಾತ್ರ ಬಂತು: "ಇವತ್ತ ಹೋಗ್ರಿ. ನನಗ ಮೈಯಾಗ ಆರಾಮಿಲ್ಲ."

ಅವ್ವ ಅಂಗಳದಲ್ಲೇ ನಿಂತುಬಿಟ್ಟಳು. "ಕೇಳಿದೇನು?" ಎಂದು ನನ್ನನ್ನು ಕೇಳಿದಳು. "ಮುಂಜಾನಿಂದ ಆ ಮನ್ಯಾಗ ರೊಟ್ಟಿ ಸಪ್ಪಳಾನೂ ಇಲ್ಲ."

ದೊಡ್ಡವ್ವನ ಮಗ ಬಾಗಲಕೋಟೆಗೆ ಸೀರೆ ಸಾಗಿಸುವ ಟೆಂಪೋ ಓಡಿಸುತ್ತಿದ್ದ. ಮದುವೆಯಾಗಿತ್ತು. ಸಂಜೆ ಸ್ವಲ್ಪ ತಗೊಳ್ಳುತ್ತಾನೆ ಎಂದು ಯಾರೋ ಅಂದಿದ್ದರು, ನಾವು ಕಿವಿಗೆ ಹಾಕಿಕೊಂಡಿರಲಿಲ್ಲ. ಓಣಿಗೆಲ್ಲ ಬುತ್ತಿ ಹೊತ್ತವಳ ಮನೆಯಲ್ಲೇ ಹಾಗಾದೀತೆಂದು ಯಾರು ತಿಳಿದಾರು?

ಅವ್ವ ಒಳಗೆ ಹೋಗಿ ಹಿಟ್ಟು ನಾದಿದಳು. ಅವತ್ತು ಆಕೆ ರೊಟ್ಟಿಯನ್ನು ತಟ್ಟಿ ಮಲಗಿಸಲಿಲ್ಲ, ಓಣಿಗೆಲ್ಲ ಕೇಳುವಂತೆ ಬಡಿದಳು. ಬುಟ್ಟಿ ತುಂಬಿದ ಮೇಲೆ ನಾನು ರೂಢಿಯಂತೆ ಬಿಳಿ ಅರಿವೆ ಕೊಟ್ಟೆ. ಅದನ್ನು ಮಡಿಸಿ ಗೂಟಕ್ಕೆ ಹಾಕಿ ಹೊರಟಳು.

"ಬಾಗಲಾ ತಗಿಬೇ ಯಕ್ಕಾ."

"ಯಾಕ ಬಂದಿ? ಹೋಗು. ನಮ್ಮ ಮನ್ಯಾಗ ಯಾರೂ ಸತ್ತಿಲ್ಲ."

"ಅವತ್ತ ನಮ್ಮ ಮನ್ಯಾಗೂ ಯಾರೂ ಸತ್ತಿರಲಿಲ್ಲಬೇ."

ಬಾಗಿಲು ತೆರೆಯಲಿಲ್ಲ. ಅವ್ವ ವಾಪಸು ಬರಲಿಲ್ಲ. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ದೊಡ್ಡವ್ವ ಕೂರುವ ಜಾಗದಲ್ಲಿ ಕೂತಳು. ಬುಟ್ಟಿ ಕಂಡ ಹೆಂಗಸರು ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ಕೂತರು. ಈ ಸಲ ಯಾರಿಗೂ ತಪ್ಪು ತಿಳಿವಳಿಕೆಯಾಗಲಿಲ್ಲ, ಹಾರ ಯಾರೂ ತರಲಿಲ್ಲ. ಕಡೆಗೆ ಅಪ್ಪ ಬಂದ. ಬಾಗಿಲಿಗೆ ಬಾಯಿ ಹಚ್ಚಿ ದೊಡ್ಡವ್ವನ ಮಗನನ್ನು ಕರೆದ: "ತಮ್ಮಾ, ಚಿಲಕ ತಗಿ. ನಾಚಬ್ಯಾಡ. ನಾ ಈ ಓಣ್ಯಾಗ ಒಮ್ಮೆ ಸತ್ತು ಎದ್ದಾಂವ ಅದೇನಿ."

ಬಾಗಿಲು ತೆಗೆದದ್ದು ದೊಡ್ಡವ್ವ. ಸೆರಗನ್ನು ಎರಡೂ ಕಡೆ ಬಿಗಿಯಾಗಿ ಎಳೆದುಕೊಂಡಿದ್ದಳು. ಎಡಗಿವಿ ಕಾಣುತ್ತಿರಲಿಲ್ಲ. ಆಕೆ ಅದನ್ನು ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ, ಓಣಿಯೂ ಕಂಡಿರಲಿಲ್ಲ. ನನಗೆ ಅಳು ಬಂತು. ಅವ್ವ ಬುಟ್ಟಿಯನ್ನು ಮುಂದೆ ಚಾಚಿದಳು. ಬುಟ್ಟಿ ಭಾರ, ಹಿಡಿಯಲು ಎರಡು ಕೈಯೂ ಬೇಕು. ದೊಡ್ಡವ್ವ ಸೆರಗು ಬಿಟ್ಟು ಬುಟ್ಟಿ ಹಿಡಿದಳು. ಸೆರಗು ಜಾರಿ ಹೆಗಲಿಗೆ ಬಿತ್ತು. ಆಕೆಯ ಹಿಂದೆ, ತುಟಿ ಒಡೆದ ಸೊಸೆ ನಿಂತಿದ್ದಳು.

"ಎಲ್ಲಾರ ಬಾಗಲಾ ಒದ್ದು ತಗಸಿದೆ" ಎಂದಳು ದೊಡ್ಡವ್ವ. "ನನ್ನ ಪಾಳಿ ಬಂದಾಗ ಚಿಲಕ ಹಾಕ್ಕೊಂಡೆ ನೋಡ್ರಿ. ಭಾಳ ಹಗರ ಐತಿ ಚಿಲಕ ಹಾಕೂದು." ಆಮೇಲೆ ಸೊಸೆಯ ರಟ್ಟೆ ಹಿಡಿದು ಕಟ್ಟೆಗೆ ಕರೆತಂದು, ಎಲ್ಲರ ನಡುವೆ ಕೂರಿಸಿ, ತುತ್ತು ಮಾಡಿ ಕೊಟ್ಟಳು.

ಮಗನೂ ಬಾಗಲಕೋಟೆಯ ದವಾಖಾನೆಗೆ ಹೋಗಿ ಬಂದ. ಬಿಟ್ಟ, ಹಿಡಿದ, ಮತ್ತೆ ಬಿಟ್ಟ. ದೊಡ್ಡವ್ವ ಪ್ರತಿ ಅಮಾವಾಸ್ಯೆ ಕಟ್ಟೆಯ ಮೇಲೆ ಎಲ್ಲರಿಗಿಂತ ಮೊದಲು ತನ್ನ ಮನೆಯ ಸುದ್ದಿಯನ್ನೇ ಹೇಳುತ್ತಿದ್ದಳು, ಕುಡಿದಿದ್ದರೆ ಕುಡಿದ ಅಂತ, ಬಿಟ್ಟಿದ್ದರೆ ಬಿಟ್ಟ ಅಂತ. ನಾನೂ ಈಗ ಸುಮ್ಮನಿರುವುದಿಲ್ಲ. ಹುನಗುಂದದ ನನ್ನ ತರಗತಿಯಲ್ಲಿ ಯಾವುದಾದರೂ ಮಗು "ಅಪ್ಪಗ ಮೈಯಾಗ ಆರಾಮಿಲ್ರೀ ಟೀಚರ್" ಎಂದು ನೆಲ ನೋಡಿದರೆ ನನಗೆ ಆ ದನಿ ಗೊತ್ತಾಗುತ್ತದೆ. ಮರುದಿನ ಆ ಮನೆಗೆ ಬುತ್ತಿ ಹೊರುತ್ತೇನೆ. ಕೆಲವರು ತೆರೆಯುತ್ತಾರೆ, ಕೆಲವರು ಬೈದು ಕಳಿಸುತ್ತಾರೆ. ಬೈಸಿಕೊಂಡ ಬಾಗಿಲಿಗೆ ಮತ್ತೆ ಹೋಗುವುದನ್ನು ನನಗೆ ಕಲಿಸಿದವಳು ದೊಡ್ಡವ್ವ.

ಹೋದ ಚಳಿಗಾಲದಲ್ಲಿ ಆಕೆ ತೀರಿಕೊಂಡಳು. ಸಂಜೆ ಕಂಡಿಕೆ ಸುತ್ತಿ ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ಓಣಿಯ ಮಗ್ಗಗಳು ನಿಂತವು. ಮಗ ಅವತ್ತು ಕುಡಿದಿದ್ದ. ಎಷ್ಟೋ ದಿನದಿಂದ ಬಿಟ್ಟವನು, ತಾಯಿಯ ಮುಖ ನೋಡಿ ಹಿತ್ತಲಿನಿಂದ ಹೊರಬಿದ್ದು, ಕುಡಿದೇ ಬಂದ. ಓಣಿಯ ಆ ಹಿರಿಯರು, "ಅವನ್ನ ಒಳಗ ಕೂಡ್ರಸ್ರಿ. ಪರ ಊರಿನ ಬೀಗರು ಬಂದಾರ, ನೋಡ್ತಾರ" ಅಂದರು. ಅಪ್ಪ "ನೋಡ್ಲಿ ಬಿಡ್ರಿ" ಎಂದವನೇ ಅವನ ರಟ್ಟೆ ಹಿಡಿದುಕೊಂಡು ಎಲ್ಲರ ಮುಂದೆ ಮಣ್ಣು ಕೊಡುವ ಜಾಗದವರೆಗೆ ನಡೆಸಿದ.

ಅದಕ್ಕೂ ಮೊದಲು, ಮೈ ತೊಳೆದು ಹೊಸ ಸೀರೆ ಉಡಿಸುವಾಗ, ಬೀಗರ ಪೈಕಿ ಒಬ್ಬಾಕೆ ಎಡಗಡೆಯ ಸೆರಗನ್ನು ಹರಿದ ಕಿವಿಯ ಮೇಲೆ ಎಳೆದಿದ್ದಳು. ಅವ್ವ ಅದನ್ನು ಹಿಂದಕ್ಕೆ ಸಿಕ್ಕಿಸಿ "ಕಾಣಲಿ" ಎಂದಳು.

ಮಣ್ಣು ಕೊಟ್ಟು ಬಂದ ಮೇಲೆ ಅವ್ವ ಆ ಮನೆಗೆ ಬುತ್ತಿ ಹೊತ್ತಳು. ಒಂದಲ್ಲ, ಎರಡು ಬುಟ್ಟಿ. ಒಂದು ಆಕೆಯ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಅವ್ವನ ಬುಟ್ಟಿಗೆ ಬಿಳಿ ಅರಿವೆ ಮುಚ್ಚಿತ್ತು, ನನ್ನದಕ್ಕೆ ಇರಲಿಲ್ಲ. ಹಿರಿಯರು ಬಾಗಿಲಲ್ಲೇ ಇದ್ದರು. "ಇವತ್ತೊಂದಿನರೇ ಎರಡೂ ಮುಚಗೊಂಡು ಒಯ್ಯವಾ" ಎಂದರು. ಅವರ ದನಿಯಲ್ಲಿ ಜಗಳವಿರಲಿಲ್ಲ, ದಣಿವಿತ್ತು.

"ಮುಚ್ಚಿದ್ದು ಯಕ್ಕ ಸತ್ತಿದ್ದಕ್ಕರಿ" ಎಂದಳು ಅವ್ವ. "ಇದು ಮಗ ಕುಡಿದಿದ್ದಕ್ಕ. ಅದಕ್ಕದು, ಇದಕ್ಕಿದು."

ಸೊಸೆ ಹೊರಗೆ ಬಂದಳು. ಅರಿವೆ ಮುಚ್ಚಿದ ಬುಟ್ಟಿಯನ್ನು ಒಳಗೆ ಕಳಿಸಿದಳು. ನನ್ನ ಕೈಯಲ್ಲಿದ್ದದ್ದನ್ನು ಮಾತ್ರ ತಾನೇ ಇಸಿದುಕೊಂಡು, ಬೀಗರೆಲ್ಲ ನೋಡುತ್ತಿರುವಾಗ, ಕಟ್ಟೆಯ ಮೇಲೆ ಅತ್ತೆ ಕೂರುತ್ತಿದ್ದ ಜಾಗದ ಪಕ್ಕದಲ್ಲಿ ಇಟ್ಟಳು. ಆ ಜಾಗದಲ್ಲಿ ತಾನು ಕೂತಳು. ರೊಟ್ಟಿ ಮುರಿದು, "ಬರ್ರಿ, ಉಣ್ಣೂಣು" ಎಂದು ನಮ್ಮನ್ನು ಕರೆದಳು.